ವಿಮಾನದ ಬೇರಿಂಗುಗಳು: ಬಗೆಗಳೂ ಆಯ್ಕೆಯೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿರುವ ಉಡಿಗಾಲದಂತಹ ಊರಿನಲ್ಲಿ ಬೆಳೆದ ಹಿರಿಯರಿಗೆ ಮರದ ಗಾಡಿಯ ಕಿರುಗುಟ್ಟುವ ದನಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅರಿಸಿನದ ಮೂಟೆಗಳನ್ನು ಹೇರಿಕೊಂಡು ಹೊರಟ ಗಾಡಿ ದಾರಿಯಲ್ಲಿ ಕೂಗತೊಡಗಿತೆಂದರೆ, ಗಾಡಿಯವನು ಎತ್ತುಗಳನ್ನು ನಿಲ್ಲಿಸಿ, ಕಡಾಣಿಯನ್ನು ಕಿತ್ತು, ಗಾಲಿಯನ್ನು ತುಸು ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆಯನ್ನು ಬಳಿಯುತ್ತಿದ್ದನು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಕಲಸಿ ಮಾಡಿದ ಆ ಕಪ್ಪು ಜಿಡ್ಡು ಗಾಡಿಯ ಅಡಿಯಲ್ಲಿ ನೇತುಹಾಕಿದ ಬಿದಿರಿನ ಗೊಟ್ಟದಲ್ಲಿ ಸದಾ ಸಿದ್ಧವಾಗಿರುತ್ತಿತ್ತು. ಮುಂದೆ ಟೈರಿನ ಗಾಡಿಗಳು ಬಂದುವು. ಅವುಗಳ ಗಾಲಿಯೊಳಗೆ ಉಕ್ಕಿನ ಬೇರಿಂಗುಗಳಿದ್ದುವು. ಅದೇ ಎತ್ತುಗಳು ಅದೇ ದಾರಿಯಲ್ಲಿ ಹೆಚ್ಚು ಹೊರೆಯನ್ನು ಹಗುರವಾಗಿ ಎಳೆದುವು. ಕಿರುಗುಟ್ಟುವ ದನಿ ಅಪರೂಪವಾಯಿತು.

ಈ ಎರಡು ಗಾಡಿಗಳ ನಡುವಣ ವ್ಯತ್ಯಾಸವನ್ನು ಚೆನ್ನಾಗಿ ತಿಳಿದುಕೊಂಡವರು ವಿಮಾನದ ಬೇರಿಂಗುಗಳ ವಿಷಯದಲ್ಲಿ ಅರ್ಧ ದಾರಿ ನಡೆದಂತೆಯೇ ಸರಿ. ಉಳಿದ ಅರ್ಧ ದಾರಿಯನ್ನು ಈ ಲೇಖನದಲ್ಲಿ ನಡೆಯೋಣ. ನಾವು ವಿಚಾರಿಸಬೇಕಾದ ಪ್ರಶ್ನೆ ಇದು: ಬೇರಿಂಗುಗಳಲ್ಲಿ ಅತ್ಯುತ್ತಮವಾದುದು ಯಾವುದು? ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂತಹುದೊಂದು ಇಲ್ಲವೇ ಇಲ್ಲ. ಒಂದೊಂದು ಸ್ಥಳಕ್ಕೂ ಒಪ್ಪುವ ಬೇರಿಂಗು ಒಂದೊಂದುಂಟು. ಅದನ್ನು ಆರಿಸುವುದರಲ್ಲಿಯೂ ಜೋಡಿಸುವುದರಲ್ಲಿಯೂ ತಪ್ಪಿದರೆ ಆಗುವ ನಷ್ಟ ಹಣದ್ದು ಮಾತ್ರವಲ್ಲ, ಪ್ರಾಣದ್ದೂ ಹೌದು.

ಬೇರಿಂಗು ಎಂದರೇನು?

ಒಂದು ಭಾಗ ನಿಂತಿರುವಾಗ ಅದರ ಆಸರೆಯಲ್ಲಿ ಇನ್ನೊಂದು ಭಾಗ ತಿರುಗಬೇಕಾದರೆ, ಎರಡರ ನಡುವೆ ಹೊರೆಯನ್ನು ಹೊತ್ತು ಚಲನೆಗೆ ಎಡೆಗೊಡುವ ಅಂಗವೇ ಬೇರಿಂಗು. ಮರದ ಗಾಡಿಯಲ್ಲಿ ಗಾಲಿಯ ನಡುವಿನ ಗುಂಬ ಅಚ್ಚಿನ ಮೇಲೆ ಜಾರುತ್ತದೆ. ಇದು ಜಾರುವ ಬೇರಿಂಗು. ಟೈರಿನ ಗಾಡಿಯಲ್ಲಿ ಒಂದು ಒಳಬಳೆ, ಒಂದು ಹೊರಬಳೆ, ಇವೆರಡರ ನಡುವೆ ಉಕ್ಕಿನ ಗುಂಡುಗಳು ಇಲ್ಲವೆ ಉರುಳೆಗಳು ಇರುತ್ತವೆ. ಅವು ಒಂದಕ್ಕೊಂದು ತಾಗದಂತೆ ಸಮದೂರದಲ್ಲಿ ಹಿಡಿದಿಡಲು ಒಂದು ಪಂಜರವಿರುತ್ತದೆ. ಇದು ಉರುಳುವ ಬೇರಿಂಗು.

ಜಾರುವುದಕ್ಕಿಂತ ಉರುಳುವುದು ಸುಲಭವೆಂಬುದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಣ್ಣದ ಡಬ್ಬಿಯೊಂದರ ಮುಚ್ಚಳದ ಅಂಚಿನ ಕಾಲುವೆಯಲ್ಲಿ ಗೋಲಿಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ಅದೇ ಅಳತೆಯ ಇನ್ನೊಂದು ಮುಚ್ಚಳವನ್ನು ಕವುಚಿ, ಒಂದೆರಡು ದಪ್ಪ ಪುಸ್ತಕಗಳನ್ನು ಹೇರಿ ತಿರುಗಿಸಿರಿ. ಆಮೇಲೆ ಗೋಲಿಗಳನ್ನು ತೆಗೆದು ಮತ್ತೆ ತಿರುಗಿಸಿರಿ. ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಗುಂಡಿನ ಬೇರಿಂಗಿಗೆ 1794ರಲ್ಲಿ ಹಕ್ಕುಪತ್ರ ಪಡೆದ ವೇಲ್ಸಿನ ಫಿಲಿಪ್ ವಾನ್ ಎಂಬಾತನೂ ಅದನ್ನು ಯೋಚಿಸಿದುದು ಕುದುರೆಗಾಡಿಯ ಅಚ್ಚಿಗಾಗಿಯೇ. ವಿಮಾನದ ಬೇರಿಂಗಿನ ವಂಶವೃಕ್ಷದ ಬೇರು ಗಾಡಿಯ ಕೆಳಗೇ ಇದೆ.

ಜಾರುವ ಬೇರಿಂಗುಗಳು

ಉರುಳುವುದೇ ಸುಲಭವೆಂದಾದರೆ ವಿಮಾನದಲ್ಲಿ ಎಲ್ಲೆಡೆಯೂ ಗುಂಡಿನ ಬೇರಿಂಗನ್ನೇ ಏಕೆ ಹಾಕಬಾರದು? ವಿದ್ಯಾರ್ಥಿಗಳಿಗೆ ಸಹಜವಾಗಿ ಏಳುವ ಸಂದೇಹವಿದು. ಇದಕ್ಕೆ ಉತ್ತರವಾಗಿ ಎರಡು ಸಂದರ್ಭಗಳನ್ನು ನೋಡಬಹುದು.

ಮೊದಲನೆಯದು ಪಿಸ್ಟನ್ ಎಂಜಿನ್ನು. ಬೆಂಗಳೂರಿನಲ್ಲಿ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನ ರೂಪುಗೊಂಡು 1951ರಲ್ಲಿ ಮೊದಲು ಹಾರಿತು. ಅದರಲ್ಲಿ ಇದ್ದುದು ಪಿಸ್ಟನ್ ಎಂಜಿನ್ನು. ಇಂತಹ ಎಂಜಿನ್ನುಗಳಲ್ಲಿ ಸಿಲಿಂಡರಿನೊಳಗಿನ ಪ್ರತಿಯೊಂದು ಸ್ಫೋಟವೂ ವಕ್ರದಂಡದ ಮೇಲೆ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ. ಗುಂಡು ತನ್ನ ಬಳೆಯನ್ನು ಒಂದು ಚುಕ್ಕೆಯಷ್ಟು ಸ್ಥಳದಲ್ಲಿ ಮಾತ್ರ ಮುಟ್ಟುವುದರಿಂದ ಈ ಪೆಟ್ಟನ್ನು ತಾಳುವುದು ಅದಕ್ಕೆ ಕಷ್ಟ. ಜಾರುವ ಬೇರಿಂಗಾದರೋ ಹೊರೆಯನ್ನು ಅಗಲವಾದ ಮೈಯ ಮೇಲೆ ಹರಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ಸಾಕಷ್ಟು ಎಣ್ಣೆಯೂ ಸಾಕಷ್ಟು ವೇಗವೂ ಇದ್ದಾಗ ಲೋಹವು ಲೋಹವನ್ನು ಮುಟ್ಟುವುದೇ ಇಲ್ಲ. ತಿರುಗುವ ದಂಡವು ಎಣ್ಣೆಯನ್ನು ತನ್ನೊಡನೆ ಬೆಣೆಯಾಕಾರದ ಸಂದಿಗೆ ಎಳೆದುಕೊಂಡು ಹೋಗಿ, ಆ ಎಣ್ಣೆಯ ಒತ್ತಡದ ಮೇಲೆಯೇ ತೇಲುತ್ತದೆ. ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರು 1883ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ರೈಲಿನ ಬೇರಿಂಗಿಗೆ ಎಣ್ಣೆ ಬಿಡಲೆಂದು ಕೊರೆದ ರಂಧ್ರದಿಂದ ಎಣ್ಣೆ ತಾನಾಗಿ ಹೊರಗೆ ಉಕ್ಕಿತು. ರಂಧ್ರಕ್ಕೆ ಬಡಿದ ಮರದ ಬಿರಡೆಯನ್ನೂ ಅದು ಹೊರದೂಡಿತು. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಬಿಡಿಸಿ ತೋರಿಸಿದನು.

ಗಾಡಿಯ ಹರಳೆಣ್ಣೆಯೂ ಒಮ್ಮೆ ಆಕಾಶಕ್ಕೆ ಏರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಮೊದಲನೆಯ ಮಹಾಯುದ್ಧದ ಕಾಲದ, ತಾನೇ ಗಿರ‍್ರನೆ ತಿರುಗುವ ರೋಟರಿ ಎಂಜಿನ್ನುಗಳಲ್ಲಿ ಪೆಟ್ರೋಲಿನ ಮಿಶ್ರಣವು ಎಂಜಿನ್ನಿನ ಒಡಲಿನ ಮೂಲಕವೇ ಹಾದುಹೋಗುತ್ತಿತ್ತು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆ ಬೇಕಾಗಿದ್ದುದರಿಂದ ಅವುಗಳಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು.

ಎರಡನೆಯ ಸಂದರ್ಭ ವಿಮಾನದ ರೆಕ್ಕೆ ಬಾಲಗಳ ಕೀಲುಗಳದು. ರೆಕ್ಕೆಯ ಹಿಂದಂಚಿನ ಪಟ್ಟಿಗಳೂ ಬಾಲದ ಚುಕ್ಕಾಣಿಯೂ ಸುತ್ತುವುದಿಲ್ಲ. ಕೆಲವು ಡಿಗ್ರಿಗಳಷ್ಟು ಅತ್ತಿತ್ತ ವಾಲುತ್ತವೆ, ಅಷ್ಟೆ. ಇಲ್ಲಿ ಗುಂಡುಗಳನ್ನು ಇಟ್ಟರೆ ಅವು ಒಂದೇ ಎಡೆಯಲ್ಲಿ ತೂಗಾಡುತ್ತ, ಅಡಿಯಲ್ಲಿರುವ ಎಣ್ಣೆಯನ್ನು ಹಿಂಡಿ ಹೊರದೂಡಿ, ಕಂಪನದಿಂದ ಬಳೆಯ ಮೇಲೆ ಕುಳಿಗಳನ್ನು ಮಾಡುತ್ತವೆ. ಪೂರ್ತಿ ಉರುಳಿದರೆ ಹೊಸ ಎಣ್ಣೆ ದೊರೆಯುತ್ತಿತ್ತು. ಉರುಳುವ ಅವಕಾಶವೇ ಅವುಗಳಿಗೆ ಇಲ್ಲ. ಇದಲ್ಲದೆ, ಹಾರುವಾಗ ರೆಕ್ಕೆ ಬಾಗುತ್ತದೆ. ಬಾಗಿದಾಗ ಕೀಲುಗಳ ರೇಖೆ ತಪ್ಪುತ್ತದೆ. ಆದುದರಿಂದ ಇಂತಹ ಹಲವು ಕೀಲುಗಳಲ್ಲಿ ಗೋಳಾಕಾರದ ಜಾರುವ ಬೇರಿಂಗುಗಳನ್ನು ಬಳಸುತ್ತಾರೆ. ನಮ್ಮ ತೊಡೆಯ ಕೀಲಿನಂತೆ, ಒಂದು ಗೋಳ ಅದಕ್ಕೆ ಒಪ್ಪುವ ಗುಳಿಯಲ್ಲಿ ಕುಳಿತು ಎಲ್ಲ ದಿಕ್ಕಿಗೂ ತುಸು ಹೊರಳಬಲ್ಲುದು. ಈಗ ಆ ಗುಳಿಗೆ ಟೆಫ್ಲಾನಿನ ತೆಳು ಹಾಸನ್ನು ಅಂಟಿಸುವುದೂ ಉಂಟು. ಆಗ ಎಣ್ಣೆ ಹಾಕುವ ಕೆಲಸವೇ ಇರುವುದಿಲ್ಲ.

ಉರುಳುವ ಬೇರಿಂಗುಗಳು

ಇನ್ನು ಉರುಳುವ ಬೇರಿಂಗುಗಳ ಬಗೆಗಳನ್ನು ನೋಡೋಣ. ಗುಂಡಿನ ಬೇರಿಂಗು ದಂಡಕ್ಕೆ ಅಡ್ಡಲಾಗಿ ಬೀಳುವ ಹೊರೆಯನ್ನು ಹೊರುವುದಲ್ಲದೆ, ದಂಡದ ಉದ್ದಕ್ಕೆ ತಳ್ಳುವ ಹೊರೆಯನ್ನೂ ತಡೆದುಕೊಳ್ಳಬಲ್ಲುದು. ಉರುಳೆಯ ಬೇರಿಂಗಿನಲ್ಲಿ ಸಿಲಿಂಡರಿನ ಆಕಾರದ ಉರುಳೆ ಬಳೆಯನ್ನು ಒಂದು ರೇಖೆಯಷ್ಟು ಉದ್ದಕ್ಕೆ ಮುಟ್ಟುವುದರಿಂದ ಅಡ್ಡ ಹೊರೆಯನ್ನು ಹೆಚ್ಚಾಗಿ ಹೊರುತ್ತದೆ; ಆದರೆ ಉದ್ದುದ್ದದ ತಳ್ಳುವಿಕೆಗೆ ಅದು ಸಾಲದು. ಸೂಜಿಯಂತೆ ಸಪೂರವಾದ ಉರುಳೆಗಳುಳ್ಳ ಬೇರಿಂಗು ಎಡೆ ಇಕ್ಕಟ್ಟಾದಲ್ಲಿ ಉಪಯೋಗಕ್ಕೆ ಬರುತ್ತದೆ. ಮೊನಚಾದ ಉರುಳೆಯ ಬೇರಿಂಗಿನಲ್ಲಿ ಉರುಳೆಗಳು ತುದಿ ಕತ್ತರಿಸಿದ ಶಂಕುವಿನಂತಿದ್ದು ಓರೆಯಾಗಿ ನಿಂತಿರುತ್ತವೆ. ಅಡ್ಡ ಹೊರೆಯನ್ನೂ ಒಂದು ದಿಕ್ಕಿನ ತಳ್ಳುವಿಕೆಯನ್ನೂ ಇದು ಒಟ್ಟಿಗೆ ಹೊರಬಲ್ಲುದು.

ಈ ಕೊನೆಯ ಬಗೆಗೆ ವಿಮಾನದಲ್ಲಿ ಗೊತ್ತಾದ ಸ್ಥಳವೆಂದರೆ ನೆಲ ಮುಟ್ಟುವ ಗಾಲಿ. 1.1 ಮೀಟರ್ ವ್ಯಾಸದ ಟೈರುಳ್ಳ ವಿಮಾನವೊಂದು ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಇಳಿಯಿತೆಂದುಕೊಳ್ಳೋಣ. ಅದುವರೆಗೆ ಸುಮ್ಮನೆ ನಿಂತಿದ್ದ ಗಾಲಿ, ನೆಲ ಮುಟ್ಟಿದ ಒಡನೆಯೇ ನಿಮಿಷಕ್ಕೆ ಸುಮಾರು 1,150 ಸುತ್ತುಗಳ ವೇಗಕ್ಕೆ ಏರಬೇಕು. ವಿಮಾನದ ಭಾರ ಮೇಲಿನಿಂದ ಬೀಳುತ್ತದೆ. ಗಾಳಿ ಅಡ್ಡ ಬೀಸುತ್ತಿದ್ದರೆ ಪಕ್ಕದಿಂದಲೂ ತಳ್ಳುವಿಕೆ ಬರುತ್ತದೆ. ಆದುದರಿಂದ ಮೊನಚಾದ ಉರುಳೆಯ ಎರಡು ಬೇರಿಂಗುಗಳನ್ನು ಒಂದಕ್ಕೊಂದು ಎದುರುಬದುರಾಗಿ ಇಟ್ಟು, ಎರಡು ಕಡೆಯ ತಳ್ಳುವಿಕೆಗೂ ಉತ್ತರ ಸಿದ್ಧಪಡಿಸಿರುತ್ತಾರೆ. ಗಾಲಿ ತಿರುಗುವ ಕಾಲ ಸ್ವಲ್ಪ. ಇಲ್ಲಿ ಎಣ್ಣೆಯ ಪ್ರವಾಹ ಬೇಕಿಲ್ಲ, ಗ್ರೀಸು ಸಾಕು.

ಜೆಟ್ ಎಂಜಿನ್ನಿನ ಪಾಠ

ಬೇರಿಂಗಿನ ಆಯ್ಕೆಗೆ ಅತಿ ಕಠಿನವಾದ ಪರೀಕ್ಷೆ ಜೆಟ್ ಎಂಜಿನ್ನಿನಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ 1957ರಲ್ಲಿ ಆರ್ಫಿಯಸ್ ಎಂಬ ಜೆಟ್ ಎಂಜಿನ್ನುಗಳನ್ನು ತಯಾರಿಸಲು ಪ್ರತ್ಯೇಕ ಕಾರ್ಖಾನೆ ಸ್ಥಾಪಿತವಾಯಿತು. ನ್ಯಾಟ್ ವಿಮಾನದಲ್ಲಿ ಒಂದು, 1961ರಲ್ಲಿ ಮೊದಲು ಹಾರಿದ ಮರುತ್ ವಿಮಾನದಲ್ಲಿ ಎರಡು ಆರ್ಫಿಯಸ್ ಎಂಜಿನ್ನುಗಳಿದ್ದುವು.

ಇಂತಹ ಎಂಜಿನ್ನಿನಲ್ಲಿ ಮುಂದೆ ಗಾಳಿಯನ್ನು ಒತ್ತುವ ಕಂಪ್ರೆಸರು, ಹಿಂದೆ ಬಿಸಿ ಅನಿಲದಿಂದ ತಿರುಗುವ ಟರ್ಬೈನು, ಇವೆರಡನ್ನೂ ಕೂಡಿಸುವ ದಂಡ ಇರುತ್ತವೆ. ಕಂಪ್ರೆಸರು ದಂಡವನ್ನು ಮುಂದಕ್ಕೆ ಎಳೆಯುತ್ತದೆ, ಟರ್ಬೈನು ಹಿಂದಕ್ಕೆ ತಳ್ಳುತ್ತದೆ. ಈ ಜಗ್ಗಾಟದಲ್ಲಿ ದಂಡವು ಸ್ಥಳ ಬಿಟ್ಟು ಸರಿಯದಂತೆ ಹಿಡಿಯಲು ಗುಂಡಿನ ಬೇರಿಂಗೊಂದು ಬೇಕು. ಹಾಗಾದರೆ ಇನ್ನೊಂದು ಕೊನೆಯಲ್ಲಿಯೂ ಗುಂಡಿನ ಬೇರಿಂಗನ್ನೇ ಇಡಬಹುದೆ? ಲೆಕ್ಕ ಹಾಕಿ ನೋಡೋಣ. ಒಂದೂವರೆ ಮೀಟರ್ ಉದ್ದದ ಉಕ್ಕಿನ ದಂಡ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು 5.4 ಮಿಲಿಮೀಟರ್ ಬೆಳೆಯುತ್ತದೆ. ಎಂಜಿನ್ನಿನ ಹೊರಕವಚವೂ ಹಿಗ್ಗುವುದು ನಿಜ. ಆದರೆ ಅಷ್ಟೇ ಪ್ರಮಾಣದಲ್ಲಿ ಅಲ್ಲ, ಅದೇ ಗಳಿಗೆಯಲ್ಲಿಯೂ ಅಲ್ಲ. ಎರಡು ಕೊನೆಗಳನ್ನೂ ಬಿಗಿಹಿಡಿದರೆ ದಂಡವು ಬೇರಿಂಗುಗಳನ್ನೇ ಒಡೆಯುವುದು. ಆದುದರಿಂದ ಇನ್ನೊಂದು ಕೊನೆಯಲ್ಲಿ ಉರುಳೆಯ ಬೇರಿಂಗನ್ನು ಇಡುತ್ತಾರೆ. ಉದ್ದುದ್ದದ ತಳ್ಳುವಿಕೆಯನ್ನು ತಡೆಯಲಾರದೆಂಬ ಅದರ ಕೊರತೆಯೇ ಇಲ್ಲಿ ಗುಣವಾಗುತ್ತದೆ. ದಂಡ ಅದರ ಮೇಲೆ ಸಲೀಸಾಗಿ ಸರಿದಾಡುತ್ತದೆ.

ಆರ್ಫಿಯಸ್ ಎಂಜಿನ್ನು ಮತ್ತೊಂದು ಪಾಠವನ್ನೂ ಕಲಿಸುತ್ತದೆ. ತೆಳ್ಳನೆಯ ಉದ್ದ ದಂಡ ವೇಗವಾಗಿ ತಿರುಗಿದಾಗ ನಡುವೆ ಬಾಗಿ ಕುಣಿಯುತ್ತದೆ. ಅದನ್ನು ತಡೆಯಲು ನಡುವೆ ಮೂರನೆಯ ಬೇರಿಂಗನ್ನು ಇಡುವುದು ವಾಡಿಕೆ. ಬ್ರಿಸ್ಟಲ್ ಸಂಸ್ಥೆಯಲ್ಲಿ ಸ್ಟಾನ್ಲಿ ಹೂಕರ್ ಅವರ ನಾಯಕತ್ವದಲ್ಲಿ ಈ ಎಂಜಿನ್ನನ್ನು ರಚಿಸಿದವರು ದಂಡವನ್ನೇ ಅಗಲವಾದ, ತೆಳುಗೋಡೆಯ ಕೊಳವೆಯನ್ನಾಗಿ ಮಾಡಿದರು. ಬಿದಿರಿನ ಗಳು ಅಷ್ಟೇ ತೂಕದ ಗಟ್ಟಿ ಕೋಲಿಗಿಂತ ಏಕೆ ಹೆಚ್ಚು ಬಾಗದೆ ನಿಲ್ಲುವುದೋ, ಈ ಕೊಳವೆಯೂ ಅದೇ ಕಾರಣದಿಂದ ನಿಂತಿತು. ಮೂರನೆಯ ಬೇರಿಂಗು ಬೇಡವಾಯಿತು. ಒಂದು ಬೇರಿಂಗು ಕಡಮೆಯಾದರೆ ಅದಕ್ಕೆ ಎಣ್ಣೆಯನ್ನು ಒಯ್ಯುವ ಕೊಳವೆಯೂ ಕಡಮೆ, ತೂಕವೂ ಕಡಮೆ, ಕೆಡುವ ಅಂಗವೂ ಒಂದು ಕಡಮೆ. ಬೇರಿಂಗೇ ಬೇಡವಾಗುವಂತೆ ಮಾಡುವುದೂ ಬೇರಿಂಗಿನ ಆಯ್ಕೆಯ ಒಂದು ಭಾಗವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ವೇಗ, ಉಷ್ಣ ಮತ್ತು ಉಕ್ಕು

ಬೇರಿಂಗಿನ ವೇಗವನ್ನು ಹೋಲಿಸಲು ಎಂಜಿನಿಯರುಗಳು ಒಂದು ಸರಳವಾದ ಗುಣಲಬ್ಧವನ್ನು ಬಳಸುತ್ತಾರೆ. ಒಳರಂಧ್ರದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಹೇಳಿ, ನಿಮಿಷದ ಸುತ್ತುಗಳಿಂದ ಗುಣಿಸುವುದು. 120 ಮಿಲಿಮೀಟರ್ ರಂಧ್ರದ ಬೇರಿಂಗು ನಿಮಿಷಕ್ಕೆ 15,000 ಸುತ್ತು ತಿರುಗಿದರೆ ಗುಣಲಬ್ಧ 18 ಲಕ್ಷ. ಆಗ ದಂಡದ ಮೈ ಗಂಟೆಗೆ ಸುಮಾರು 340 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಇಂತಹ ವೇಗದಲ್ಲಿ ಗುಂಡುಗಳು ಕವಣೆಯ ಕಲ್ಲಿನಂತೆ ಹೊರಕ್ಕೆ ಚಿಮ್ಮಲೆಳಸಿ ಹೊರಬಳೆಯನ್ನು ಒತ್ತುತ್ತವೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಆದುದರಿಂದಲೇ ಈಗ ಕೆಲವೆಡೆ ಉಕ್ಕಿನ ಬಳೆಗಳ ನಡುವೆ ಸಿಲಿಕಾನ್ ನೈಟ್ರೈಡ್ ಎಂಬ ಪಿಂಗಾಣಿಯಂತಹ ವಸ್ತುವಿನ ಗುಂಡುಗಳನ್ನು ಹಾಕುತ್ತಾರೆ. ಅದರ ಸಾಂದ್ರತೆ ಉಕ್ಕಿನದರ ಶೇಕಡ 40ರಷ್ಟು ಮಾತ್ರ.

ಉಷ್ಣದ ವಿಚಾರವೂ ಹಾಗೆಯೇ. ಸಾಮಾನ್ಯ ಬೇರಿಂಗುಗಳ ಕ್ರೋಮಿಯಂ ಉಕ್ಕು 200 ಡಿಗ್ರಿ ದಾಟುವ ಹೊತ್ತಿಗೆ ಗಡಸುತನವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಜೆಟ್ ಎಂಜಿನ್ನುಗಳಿಗೆ ಮಾಲಿಬ್ಡಿನಂ, ಕ್ರೋಮಿಯಂ, ವನೇಡಿಯಂಗಳನ್ನು ಬೆರಸಿದ ಎಂ-50 ಎಂಬ ಉಕ್ಕನ್ನು ನಿರ್ವಾತದಲ್ಲಿ ಎರಡು ಬಾರಿ ಕರಗಿಸಿ ಬಳಸುತ್ತಾರೆ. ಎರಡು ಬಾರಿ ಕರಗಿಸುವುದು ಕಸರನ್ನು ತೆಗೆಯುವುದಕ್ಕಾಗಿ. ಕಣ್ಣಿಗೆ ಕಾಣದ ಒಂದು ಕಣ ಉಕ್ಕಿನೊಳಗೆ ಉಳಿದರೂ ಬಿರುಕು ಅಲ್ಲಿಂದಲೇ ಹುಟ್ಟಬಹುದು. ಇಲ್ಲಿ ಎಣ್ಣೆಯ ಮುಖ್ಯ ಕೆಲಸ ಜಿಡ್ಡು ಕೊಡುವುದಲ್ಲ, ಬಿಸಿಯನ್ನು ಹೊತ್ತೊಯ್ಯುವುದು.

ಎಣ್ಣೆಯೇ ಇಲ್ಲದ ಬೇರಿಂಗೂ ಉಂಟು. ಪ್ರಯಾಣಿಕರ ಕೋಣೆಯ ಗಾಳಿಯನ್ನು ತಂಪುಮಾಡುವ ಯಂತ್ರದಲ್ಲಿ ಎಣ್ಣೆ ಸೋರಿದರೆ ಅದರ ಹಬೆ ಪ್ರಯಾಣಿಕರ ಮೂಗಿಗೇ ಬರುತ್ತದೆ. ಆದುದರಿಂದ 1970ರ ಸುಮಾರಿನಿಂದ ಡಿ.ಸಿ.-10ರಂತಹ ವಿಮಾನಗಳಲ್ಲಿ, ತೆಳುತಗಡಿನ ಹಾಸಿನ ಮೇಲೆ ಗಾಳಿಯ ಪೊರೆಯಲ್ಲಿಯೇ ದಂಡ ತೇಲುವ ಬೇರಿಂಗುಗಳನ್ನು ಈ ಯಂತ್ರಕ್ಕೆ ಬಳಸಲಾಯಿತು. ಟವರನ ಬಿರಡೆಯನ್ನು ಹೊರದೂಡಿದ ತತ್ತ್ವವೇ ಇಲ್ಲಿಯೂ ಕೆಲಸಮಾಡುತ್ತದೆ.

ಆಯುಸ್ಸಿನ ಲೆಕ್ಕ

ಬೇರಿಂಗಿಗೆ ಆಯುಸ್ಸು ಎಷ್ಟು? ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬವರು 1947ರಲ್ಲಿ ಪ್ರಕಟಿಸಿದ ಸಿದ್ಧಾಂತದಂತೆ, ಬೇರಿಂಗಿನ ಸಾಮರ್ಥ್ಯದ ಅಂಕವನ್ನು ಅದರ ಮೇಲಣ ಹೊರೆಯಿಂದ ಭಾಗಿಸಿ, ಬಂದುದನ್ನು ಘನ ಮಾಡಿದರೆ, ಗುಂಡಿನ ಬೇರಿಂಗಿನ ಆಯುಸ್ಸು ದಶಲಕ್ಷ ಸುತ್ತುಗಳಲ್ಲಿ ದೊರೆಯುತ್ತದೆ. ಸಾಮರ್ಥ್ಯ 30,000 ನ್ಯೂಟನ್, ಹೊರೆ 3,000 ನ್ಯೂಟನ್ ಎಂದುಕೊಳ್ಳೋಣ. ಭಾಗಲಬ್ಧ 10, ಅದರ ಘನ 1,000. ಎಂದರೆ 100 ಕೋಟಿ ಸುತ್ತುಗಳು. ನಿಮಿಷಕ್ಕೆ 10,000 ಸುತ್ತಿನಂತೆ ಇದು ಸುಮಾರು 1,667 ಗಂಟೆಗಳು. ಹೊರೆಯನ್ನು ಇಮ್ಮಡಿ ಮಾಡಿದರೆ ಆಯುಸ್ಸು ಅರ್ಧವಾಗುವುದಿಲ್ಲ. ಎಂಟರಲ್ಲಿ ಒಂದು ಪಾಲಾಗಿ, ಸುಮಾರು 208 ಗಂಟೆಗಳಿಗೆ ಇಳಿಯುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಮಾತು ಅಡಗಿದೆ. ನೂರು ಬೇರಿಂಗುಗಳಲ್ಲಿ ತೊಂಬತ್ತು ಈ ಆಯುಸ್ಸನ್ನು ಮುಟ್ಟುತ್ತವೆ ಎಂಬುದಷ್ಟೇ ಅದರ ಅರ್ಥ. ಹತ್ತು ಮೊದಲೇ ಕೆಡಬಹುದು. ನೀರೆತ್ತುವ ಪಂಪಿಗೆ ಇದು ಸಾಕು. ಹೊಸದೊಂದನ್ನು ಕೊಂಡು ತಂದು ಹಾಕಬಹುದು. ವಿಮಾನಕ್ಕೆ ಸಾಲದು. ಹೆಚ್ಚು ಶುದ್ಧವಾದ ಉಕ್ಕು, ಕಡಮೆ ಹೊರೆ, ಗೊತ್ತಾದ ಗಂಟೆಗಳಿಗೊಮ್ಮೆ ಬಿಚ್ಚಿ ನೋಡುವ ಕಟ್ಟುಪಾಡು, ಇವೆಲ್ಲವೂ ಆ ಹತ್ತರ ಭಯದಿಂದಲೇ ಹುಟ್ಟಿದುವು.

ತಪ್ಪಿದರೆ ಏನಾಗುತ್ತದೆ?

1987ನೆಯ ಮೇ 9ರಂದು ಪೋಲೆಂಡಿನ ವಾರ್ಸಾದಿಂದ ನ್ಯೂಯಾರ್ಕಿಗೆ ಹೊರಟ ಇಲ್ಯೂಷಿನ್-62 ಜಾತಿಯ ವಿಮಾನವೊಂದರ ಎಂಜಿನ್ನಿನಲ್ಲಿ ಉರುಳೆಯ ಬೇರಿಂಗೊಂದು ಕೆಟ್ಟಿತು. ಇರಬೇಕಾಗಿದ್ದ 26 ಉರುಳೆಗಳ ಬದಲು ಅದರಲ್ಲಿ 13 ಮಾತ್ರ ಇದ್ದುವೆಂದು ಪೋಲೆಂಡಿನ ತನಿಖೆಯಲ್ಲಿ ಕಂಡುಬಂತು. ಬೇರಿಂಗು ಕಾದು, ದಂಡ ತುಂಡಾಯಿತು. ಹಿಡಿತ ತಪ್ಪಿದ ಟರ್ಬೈನು ಮಿತಿಮೀರಿದ ವೇಗದಲ್ಲಿ ತಿರುಗಿ ಸಿಡಿಯಿತು. ಅದರ ಚೂರುಗಳು ಪಕ್ಕದ ಎಂಜಿನ್ನನ್ನೂ ಬಾಲದ ನಿಯಂತ್ರಣವನ್ನೂ ಕೆಡಿಸಿದುವು. ವಿಮಾನ ವಾರ್ಸಾಕ್ಕೆ ಹಿಂದಿರುಗಲು ಯತ್ನಿಸಿ, ನಿಲ್ದಾಣವನ್ನು ತಲಪುವ ಮುನ್ನ ಕಾಡಿನಲ್ಲಿ ಬಿದ್ದಿತು. ಅದರಲ್ಲಿದ್ದ 183 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇಲ್ಲಿ ಬೇರಿಂಗಿನ ಬಗೆ ಸರಿಯಾಗಿಯೇ ಇತ್ತು. ಉರುಳೆಗಳ ಸಂಖ್ಯೆ ಅರ್ಧವಾದಾಗ ಒಂದೊಂದರ ಪಾಲಿನ ಹೊರೆ ಏರಿತು. ಹೊರೆ ಏರಿದಾಗ ಆಯುಸ್ಸು ಎಷ್ಟು ಬೇಗ ಕುಸಿಯುವುದೆಂಬುದನ್ನು ನಾವು ಈಗತಾನೇ ಲೆಕ್ಕ ಹಾಕಿ ನೋಡಿದೆವು.

2016ನೆಯ ಏಪ್ರಿಲ್ 29ರಂದು ನಾರ್ವೆಯ ಕರಾವಳಿಯಲ್ಲಿ ಹೆಲಿಕಾಪ್ಟರೊಂದರ ಮುಖ್ಯ ರೋಟರು ಹಾರುತ್ತಿರುವಾಗಲೇ ಕಳಚಿಹೋಗಿ 13 ಮಂದಿ ಮಡಿದರು. ಹಲ್ಲುಚಕ್ರವೊಂದರ ಒಳಮೈಯೇ ಅಲ್ಲಿ ಬೇರಿಂಗಿನ ಹೊರಬಳೆಯಾಗಿತ್ತು. ಆ ಮೈಯಲ್ಲಿ ಆದ ಅತಿ ಸಣ್ಣ ಕುಳಿಯಿಂದ ಬಿರುಕು ಹುಟ್ಟಿ, ಉಕ್ಕಿನ ಒಳಗೊಳಗೇ ಬೆಳೆಯಿತು. ಬೇರಿಂಗು ಸವೆಯುವಾಗ ಉದುರುವ ಉಕ್ಕಿನ ಚೂರುಗಳನ್ನು ಎಣ್ಣೆಯಿಂದ ಹಿಡಿದು ಸುಳಿವು ಕೊಡುವ ಅಯಸ್ಕಾಂತದ ಸಾಧನ ಆ ಯಂತ್ರದಲ್ಲಿ ಇದ್ದೇ ಇತ್ತು. ಆದರೆ ಈ ಬಿರುಕು ಚೂರುಗಳನ್ನು ಹೆಚ್ಚಾಗಿ ಉದುರಿಸದೆ ಬೆಳೆದುದರಿಂದ ಎಚ್ಚರಿಕೆ ದೊರೆಯಲಿಲ್ಲ. ಈ ಹಲ್ಲುಚಕ್ರದ ಬೇರಿಂಗಿಗೆ ಎರಡು ಬಗೆಯ ರಚನೆಗಳು ಬಳಕೆಯಲ್ಲಿದ್ದುವು. ದುರಂತದ ಅನಂತರ, ಹೆಚ್ಚು ಒತ್ತಡಕ್ಕೆ ಒಳಗಾಗುವ ರಚನೆಯನ್ನು ಕೈಬಿಡಲಾಯಿತು.

ಆಯ್ಕೆಯ ಪ್ರಶ್ನೆಗಳು

ಇಷ್ಟನ್ನು ತಿಳಿದ ಮೇಲೆ, ಬೇರಿಂಗನ್ನು ಆರಿಸುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಹೀಗೆ ಕೂಡಿಸಿ ಹೇಳಬಹುದು. ಭಾಗವು ಸುತ್ತುವುದೋ, ಅತ್ತಿತ್ತ ವಾಲುವುದೋ? ಹೊರೆ ಅಡ್ಡಲಾಗಿಯೋ, ಉದ್ದಕ್ಕೋ, ಎರಡೂ ಕಡೆಯಿಂದಲೋ? ಪೆಟ್ಟಿನಂತೆ ಬೀಳುವುದೋ, ಸಮನಾಗಿ ನಿಲ್ಲುವುದೋ? ವೇಗವೆಷ್ಟು, ಉಷ್ಣವೆಷ್ಟು? ದಂಡವು ಬೆಳೆಯಲು, ಬಾಗಲು ಎಡೆ ಬೇಕೆ? ಎಣ್ಣೆಯನ್ನು ಒಯ್ಯಲು ಸಾಧ್ಯವೆ? ಎಲ್ಲಕ್ಕೂ ಕೊನೆಯದಾಗಿ, ಇದು ಕೆಡತೊಡಗಿದಾಗ ನಮಗೆ ತಿಳಿಯುವುದು ಹೇಗೆ?

ಈ ಕೊನೆಯ ಪ್ರಶ್ನೆಯೇ ವಿಮಾನದ ಬೇರಿಂಗನ್ನು ಗಾಡಿಯ ಅಚ್ಚಿನಿಂದ ಬೇರೆಮಾಡುತ್ತದೆ. ಮಿಕ್ಕ ಪ್ರಶ್ನೆಗಳಿಗೆಲ್ಲ ಉಡಿಗಾಲದ ಗಾಡಿಯವನೂ ತನ್ನ ರೀತಿಯಲ್ಲಿ ಉತ್ತರ ಕಂಡುಕೊಂಡಿದ್ದನು. ಆದರೆ ಅವನ ಅಚ್ಚು ಕೆಡುವ ಮೊದಲು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಅವನು ಇಳಿದು ಎಣ್ಣೆ ಬಳಿದು ಮತ್ತೆ ಹೊರಡುತ್ತಿದ್ದನು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಇಳಿದು ನೋಡುವಂತಿಲ್ಲ. ಆ ಕಿರುಗುಟ್ಟುವ ದನಿಯ ಕೆಲಸವನ್ನು ಅಲ್ಲಿ ಅಯಸ್ಕಾಂತವೂ, ಕಂಪನವನ್ನು ಅಳೆಯುವ ಉಪಕರಣವೂ, ಎಣ್ಣೆಯ ಪರೀಕ್ಷೆಯೂ ಮಾಡಬೇಕು. ಎಲ್ಲಕ್ಕಿಂತ ಮೊದಲು, ನೆಲದ ಮೇಲೆ ನಿಂತು ಉರುಳೆಗಳನ್ನು ಒಂದೊಂದಾಗಿ ಎಣಿಸಿ ನೋಡುವ ಮನುಷ್ಯನು ಮಾಡಬೇಕು.